ಜಾನ್ಸನ್ ಕಾಲದ ಸುಧಾರಣೆಗಳಿಗೆ ಶೀತಲ ಸಮರ ನೆರವಾಯಿತೋ, ಮುಳುವಾಯಿತೋ?

ಸೆಮಿನಾರ್ ಸಂಕಟ:

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಎಂ.ಎ. ಇತಿಹಾಸ ಓದುತ್ತಿದ್ದೇನೆ. ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ (1963–69) ಬಗ್ಗೆ ಸೆಮಿನಾರ್ ಪೇಪರ್ ಬರೆಯಬೇಕು. ನನ್ನ ಹತ್ತಿರ ಇರೋ ನೋಟ್ಸ್‌ನಲ್ಲಿ ಎರಡು ಅಧ್ಯಾಯ ಇವೆ. ಒಂದರಲ್ಲಿ ನಾಗರಿಕ ಹಕ್ಕುಗಳು, ಮೆಡಿಕೇರ್ (ವಯಸ್ಸಾದವರಿಗೆ ಸರ್ಕಾರದ ಆರೋಗ್ಯ ವಿಮೆ), ಬಡತನದ ವಿರುದ್ಧ ಹೋರಾಟ. ಇನ್ನೊಂದರಲ್ಲಿ ರಷ್ಯಾ, ಚೀನಾ, ವಿಯೆಟ್ನಾಂ. ಮೊದಲನೇದು ಓದಿದರೆ ಮನುಷ್ಯ ದೇವರು, ಎರಡನೇದು ಓದಿದರೆ ರಾಕ್ಷಸ. ಇಬ್ಬರೂ ಒಬ್ಬನೇ ಅಂತ ನಂಬೋಕೇ ಆಗಲ್ಲ.

ರಷ್ಯಾ ಜೊತೆಗಿನ ಪೈಪೋಟಿ ಇಲ್ಲದೇ ಇದ್ದಿದ್ದರೆ ಈ ಸುಧಾರಣೆಗಳು ಆಗುತ್ತಿದ್ದವಾ? ಅಥವಾ ಅದು ಇಲ್ಲದಿದ್ದರೆ ಇನ್ನೂ ಜಾಸ್ತಿ ಆಗುತ್ತಿದ್ದವಾ? ಗೊತ್ತಿದ್ದವರು ಸ್ವಲ್ಪ ಹೇಳಿ. ಉದಾಹರಣೆ ಕೊಟ್ಟರೆ ಇನ್ನೂ ಒಳ್ಳೇದು.

ಕಲ್ಪತರು ಮೇಷ್ಟ್ರು:

ನಾನು ತಿಪಟೂರಿನವನು. ಪಿಯು ಹುಡುಗರಿಗೆ ಇತಿಹಾಸ ಹೇಳಿಕೊಟ್ಟು ನಿವೃತ್ತನಾದವನು. ಈಗ ಜಾನ್ಸನ್‌ನ ಫೋನ್ ರೆಕಾರ್ಡಿಂಗ್ ಕೇಳೋದೇ ಚಟ. ಆತ ತನ್ನ ಫೋನ್ ಮಾತುಗಳನ್ನು ಗುಟ್ಟಾಗಿ ರೆಕಾರ್ಡ್ ಮಾಡಿಸುತ್ತಿದ್ದ. ಈಗ ಅವು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಹೆಡ್‌ಫೋನ್ ಹಾಕಿಕೊಂಡು ಕೂತರೆ ನಮ್ಮನೆಯವರು ಊಟಕ್ಕೆ ಕೂಗಿದ್ದೂ ಕೇಳಿಸಲ್ಲ.

ಮೊದಲು ಆ ಎರಡು ಅಧ್ಯಾಯಗಳನ್ನು ಪಕ್ಕಕ್ಕಿಡಿ. ಒಂದು ಹಳೇ ಕ್ಯಾಲೆಂಡರ್ ಹಿಡಿದುಕೊಳ್ಳಿ.

1964ರ ಆಗಸ್ಟ್ 4. ವಿಯೆಟ್ನಾಂ ಕರಾವಳಿಯ ಟಾಂಕಿನ್ ಕೊಲ್ಲಿಯಲ್ಲಿ ಅಮೆರಿಕದ ಹಡಗುಗಳ ಮೇಲೆ ಎರಡನೇ ಸಲ ದಾಳಿ ಆಯಿತು ಅಂತ ಸುದ್ದಿ ಬಂತು. ಆ ದಾಳಿ ನಡೆದೇ ಇರಲಿಲ್ಲ ಅನ್ನೋದು ಆಮೇಲೆ ಗೊತ್ತಾಯಿತು, ಅದು ಬೇರೆ ಮಾತು. ಆ ದಿನವೆಲ್ಲ ವೈಟ್‌ಹೌಸ್‌ನಲ್ಲಿ ಅದೇ ಗಡಿಬಿಡಿ. ಸಂಜೆ ಎಫ್‌ಬಿಐನಿಂದ ಫೋನ್. ಮಿಸಿಸಿಪ್ಪಿಯಲ್ಲಿ ಮಣ್ಣಿನ ಅಣೆಕಟ್ಟೆಯೊಂದನ್ನು ಅಗೆದಾಗ ಹೆಣಗಳು ಸಿಕ್ಕಿವೆ ಅಂತ. ಚೇನಿ, ಗುಡ್‌ಮನ್, ಶ್ವರ್ನರ್. ಕಪ್ಪು ಜನರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸೋ ಕೆಲಸಕ್ಕೆ ನಿಂತಿದ್ದ ಮೂವರು ಹುಡುಗರು. ಜೂನ್‌ನಿಂದ ಕಾಣೆಯಾಗಿದ್ದರು. ಅದೇ ರಾತ್ರಿ ಹನ್ನೊಂದೂವರೆ ದಾಟಿದ ಮೇಲೆ ಜಾನ್ಸನ್ ಟಿವಿಯಲ್ಲಿ ಬಂದು, ವಿಯೆಟ್ನಾಂ ಮೇಲೆ ವಿಮಾನ ಕಳಿಸಿದ್ದೇವೆ ಅಂದ. ಒಂದೇ ದಿನ, ಒಂದೇ ಮೇಜು, ಅದೇ ಫೋನು. ನಿಮ್ಮ ನೋಟ್ಸ್‌ನಲ್ಲಿ ಇವೆರಡರ ನಡುವೆ ಬಹುಶಃ ಐವತ್ತು ಪುಟ ಇರಬೇಕು.

(ಅದೇ ವಾರ, ಆಗಸ್ಟ್ 9ಕ್ಕೆ, ಆತ ಪ್ಯಾಂಟ್ ತಯಾರಕನೊಬ್ಬನಿಗೆ ಫೋನ್ ಮಾಡಿ ಆರ್ಡರ್ ಕೊಡುತ್ತಾನೆ. ಜೇಬು ಉದ್ದ ಇರಲಿ, ಸೊಂಟದಲ್ಲಿ ಸಡಿಲ ಬಿಡಿ ಅಂತ. ನಡುವೆ ಜೋರಾಗಿ ತೇಗು. ಪೇಪರ್‌ಗೆ ಇದು ಬೇಡ, ಆದರೆ ಒಮ್ಮೆ ಕೇಳಿ.)

ಈಗ 1965ಕ್ಕೆ ಬನ್ನಿ. ಜುಲೈ 28. ವಿಯೆಟ್ನಾಂನಲ್ಲಿರೋ ಸೈನಿಕರ ಸಂಖ್ಯೆಯನ್ನು 75,000ದಿಂದ 1,25,000ಕ್ಕೆ ಏರಿಸ್ತೀವಿ ಅಂತ ಜಾನ್ಸನ್ ಹೇಳಿದ. ಎಲ್ಲಿ ಹೇಳಿದ? ಇಡೀ ದೇಶ ಟಿವಿ ಮುಂದೆ ಕೂರೋ ರಾತ್ರಿ ಹೊತ್ತಲ್ಲಿ ಅಲ್ಲ. ಮಟಮಟ ಮಧ್ಯಾಹ್ನ, ಪತ್ರಿಕಾಗೋಷ್ಠಿಯಲ್ಲಿ, ಅದೂ ನಮ್ಮ ನೀತಿಯಲ್ಲಿ ಬದಲಾವಣೆಯೇನೂ ಇಲ್ಲ ಅನ್ನೋ ಧಾಟಿಯಲ್ಲಿ. ಮೀಸಲು ಪಡೆ ಕರೆಯಲಿಲ್ಲ. ಹೊಸ ತೆರಿಗೆ ಕೇಳಲಿಲ್ಲ. ಯಾಕೆ ಇಷ್ಟು ಮೆಲ್ಲಗೆ? ಅದೇ ದಿನ ಸೆನೆಟ್‌ನಲ್ಲಿ ಮೆಡಿಕೇರ್ ಮಸೂದೆಯ ಕೊನೇ ಮತದಾನ ಇತ್ತು. 70–24ರಲ್ಲಿ ಪಾಸಾಯಿತು. ಜುಲೈ 30ಕ್ಕೆ ಮಿಸೌರಿಯ ಇಂಡಿಪೆಂಡೆನ್ಸ್ ಊರಿಗೆ ಹೋಗಿ, ಮಾಜಿ ಅಧ್ಯಕ್ಷ, ಮುದುಕ ಟ್ರೂಮನ್ ಪಕ್ಕ ಕೂತು ಸಹಿ ಹಾಕಿದ. ಆಗಸ್ಟ್ 6ಕ್ಕೆ ಮತದಾನದ ಹಕ್ಕಿನ ಕಾಯ್ದೆಗೂ ಸಹಿ ಬಿತ್ತು.

ಯುದ್ಧದ ಖರ್ಚು ಇಷ್ಟು ಅಂತ ಬಾಯಿಬಿಟ್ಟು ಹೇಳಿದ್ದರೆ ಕಾಂಗ್ರೆಸ್ಸಿನ (ಅಂದರೆ ಅಮೆರಿಕದ ಸಂಸತ್ತಿನ) ಸಂಪ್ರದಾಯವಾದಿಗಳು ಏನನ್ನುತ್ತಿದ್ದರು? 'ಯುದ್ಧ ಇದೆಯಲ್ಲ ಸ್ವಾಮಿ, ಈ ಆಸ್ಪತ್ರೆ, ಸ್ಕೂಲು ಎಲ್ಲ ಮುಂದೆ ನೋಡೋಣ' ಅನ್ನುತ್ತಿದ್ದರು. ಹಾಗಾದರೆ ಯುದ್ಧವನ್ನೇ ಬಿಡಬಹುದಿತ್ತಲ್ಲ ಅಂತೀರಾ? ಅಲ್ಲಿ ಇನ್ನೊಂದು ಹೆದರಿಕೆ. 1949ರಲ್ಲಿ ಚೀನಾ ಕಮ್ಯುನಿಸ್ಟರ ಪಾಲಾದಾಗ, ಟ್ರೂಮನ್ ಚೀನಾ ಕಳೆದ ಅಂತ ವಿರೋಧಿಗಳು ಹಿಗ್ಗಾಮುಗ್ಗಾ ಜಾಡಿಸಿದ್ದನ್ನು ಜಾನ್ಸನ್ ಸೆನೆಟ್‌ನಲ್ಲಿ ಕೂತು ಕಣ್ಣಾರೆ ನೋಡಿದ್ದ. ನಾನು ವಿಯೆಟ್ನಾಂ ಕಳೆದರೆ ನನ್ನ ಮಸೂದೆ ಒಂದೂ ಉಳಿಯಲ್ಲ ಅನ್ನೋದು ಆತನ ಲೆಕ್ಕ. 1964ರ ಮೇ 27ರ ಫೋನಿನಲ್ಲಿ ರಾಷ್ಟ್ರೀಯ ಭದ್ರತಾ ಸಲಹೆಗಾರ ಮ್ಯಾಕ್‌ಜಾರ್ಜ್ ಬಂಡಿ ಹತ್ತಿರ ಆತ ಹೇಳೋದು ಕೇಳಿ: ಇದು ಹೋರಾಡೋಕೆ ಯೋಗ್ಯ ಅಂತ ಅನಿಸಲ್ಲ, ಹಾಗಂತ ಹೊರಗೆ ಬರೋಕೂ ಆಗಲ್ಲ. ಇದು ಸೈನ್ಯ ಏರಿಸೋಕೆ ವರ್ಷಕ್ಕೂ ಮುಂಚಿನ ಮಾತು. ಗೊತ್ತಿದ್ದೂ ಇಳಿದ. ನನಗೆ ಆತನ ಮೇಲೆ ಸಿಟ್ಟಿರೋದು ಇದೊಂದಕ್ಕೇ.

ಸುಧಾರಣೆ ಉಳಿಸಿಕೊಳ್ಳೋಕೆ ಯುದ್ಧಕ್ಕೆ ಇಳಿದ, ಯುದ್ಧದ ಖರ್ಚು ಮುಚ್ಚಿಟ್ಟ, ಆ ಖರ್ಚೇ ಕೊನೆಗೆ ಸುಧಾರಣೆಯನ್ನು ತಿಂತು. ಒಂದೇ ಬಾವಿಗೆ ಎರಡು ಮೋಟಾರ್ ಇಟ್ಟ ಹಾಗೆ. 1967ರ ಬಜೆಟ್ಟಿನಲ್ಲಿ ವಿಯೆಟ್ನಾಂಗೆ ಸುಮಾರು 1,000 ಕೋಟಿ ಡಾಲರ್ ಅಂತ ತೋರಿಸಿದ್ದರು, ಆಗಿದ್ದು ಅದರ ಎರಡರಷ್ಟು. ಬಡತನ ನಿವಾರಣೆಯ ಇಲಾಖೆಗೆ ಸಿಗುತ್ತಿದ್ದದ್ದು ವರ್ಷಕ್ಕೆ ಸುಮಾರು 150 ಕೋಟಿ. ಬೆಲೆ ಏರತೊಡಗಿದ ಮೇಲೆ ತೆರಿಗೆ ಕೇಳಿದ. ತೆರಿಗೆ ಸಮಿತಿಯ ವಿಲ್ಬರ್ ಮಿಲ್ಸ್ ಜಪ್ಪಯ್ಯ ಅಂದರೂ ಬಗ್ಗಲಿಲ್ಲ: ಮೊದಲು ಖರ್ಚು ಕಡಿಮೆ ಮಾಡು, ಆಮೇಲೆ ತೆರಿಗೆ. 1968ರ ಜೂನ್‌ನಲ್ಲಿ ಶೇ. 10 ಸರ್ಚಾರ್ಜ್ ಸಿಕ್ಕಿತು, ಜೊತೆಗೆ 600 ಕೋಟಿ ಡಾಲರ್ ಖರ್ಚು ಕಡಿತಕ್ಕೂ ಒಪ್ಪಬೇಕಾಯಿತು. ಅಷ್ಟು ಹೊತ್ತಿಗೆ ಮತ್ತೆ ಚುನಾವಣೆಗೆ ನಿಲ್ಲಲ್ಲ ಅಂತ ಆತನೇ ಹೇಳಿಯಾಗಿತ್ತು.

ಶೀತಲ ಸಮರ ನೆರವಾದದ್ದೂ ಇದೆ. ಜನಾಂಗ ಭೇದ ಅಮೆರಿಕದ ಮಾನ ಕಳೆಯುತ್ತಿತ್ತು. 1955ರಲ್ಲಿ ನಮ್ಮ ರಾಯಭಾರಿ ಜಿ. ಎಲ್. ಮೆಹ್ತಾ ಅವರನ್ನು ಹ್ಯೂಸ್ಟನ್ ವಿಮಾನ ನಿಲ್ದಾಣದ ಊಟದ ಹಾಲ್‌ನಲ್ಲಿ, ಇದು ಬಿಳಿಯರದು, ಬೇರೆ ಕಡೆ ಕೂತುಕೊಳ್ಳಿ ಅಂತ ಎಬ್ಬಿಸಿದ್ದರು. ಜಾನ್ಸನ್‌ನ ಟೆಕ್ಸಾಸ್‌ನಲ್ಲೇ! ವಿದೇಶಾಂಗ ಕಾರ್ಯದರ್ಶಿ ಡಲ್ಲೆಸ್ ಕ್ಷಮೆ ಕೇಳಬೇಕಾಯಿತು. ಮೇರಿಲ್ಯಾಂಡ್‌ನ ರೂಟ್ 40 ಹೆದ್ದಾರಿಯ ಹೋಟೆಲುಗಳಲ್ಲಿ ಆಫ್ರಿಕಾದ ರಾಯಭಾರಿಗಳಿಗೂ 1961ರಲ್ಲಿ ಇದೇ ಗತಿ. ಮಾಸ್ಕೋಗೆ ಇಂಥವು ಹಬ್ಬ. ಅದಕ್ಕೇ 1963ರ ಜುಲೈನಲ್ಲಿ ನಾಗರಿಕ ಹಕ್ಕುಗಳ ಮಸೂದೆ ಪರವಾಗಿ ಸೆನೆಟ್ ಸಮಿತಿ ಮುಂದೆ ಮಾತಾಡೋಕೆ ವಿದೇಶಾಂಗ ಕಾರ್ಯದರ್ಶಿ ಡೀನ್ ರಸ್ಕ್ ಬಂದದ್ದು. ಹೋಟೆಲಿನಲ್ಲಿ ಯಾರು ಎಲ್ಲಿ ಕೂರಬೇಕು ಅನ್ನೋ ಕಾನೂನಿಗೆ ವಿದೇಶಾಂಗ ಇಲಾಖೆಯವರಿಗೇನು ಕೆಲಸ? ಅಷ್ಟು ಸಾಕಲ್ಲ, ನಿಮ್ಮ ಪೇಪರ್ ಶುರು ಮಾಡೋಕೆ.

ಕೆಂಪು ಶಾಯಿ:

ಮೇಷ್ಟ್ರೇ, ಚೆನ್ನಾಗಿ ಬರೆದಿದ್ದೀರಿ, ಆದರೆ ಇಡೀ ಕಥೆ ವೈಟ್‌ಹೌಸ್ ಒಳಗೇ ಸುತ್ತುತ್ತಿದೆ. ಮತದಾನದ ಕಾಯ್ದೆ ಜಾನ್ಸನ್ ಕೊಟ್ಟ ಭಿಕ್ಷೆಯೂ ಅಲ್ಲ, ರಷ್ಯಾದ ಹೆದರಿಕೆಯೂ ಅಲ್ಲ. 1965ರ ಮಾರ್ಚ್ 7ರಂದು ಅಲಬಾಮಾದ ಸೆಲ್ಮಾದಲ್ಲಿ, ಕಪ್ಪು ಜನರಿಗೆ ಮತದಾನದ ಹಕ್ಕು ಕೇಳಿ ಮೆರವಣಿಗೆ ಹೊರಟಿದ್ದ ಜಾನ್ ಲೂಯಿಸ್ ಮತ್ತಿತರರ ತಲೆಯನ್ನು ಪೊಲೀಸರು ಸೇತುವೆ ಮೇಲೆ ಒಡೆದರು. ಅದನ್ನು ದೇಶವೆಲ್ಲ ಟಿವಿಯಲ್ಲಿ ನೋಡಿತು. ಎಂಟು ದಿನ ಬಿಟ್ಟು ಜಾನ್ಸನ್ ಕಾಂಗ್ರೆಸ್ ಮುಂದೆ ಬಂದ. ಆ ಏಟು ಬೀಳದೇ ಇದ್ದಿದ್ದರೆ? ಆತ ಸಂಸತ್ತಿನಲ್ಲಿದ್ದ ಮೊದಲ ಇಪ್ಪತ್ತು ವರ್ಷ ಇಂಥ ಮಸೂದೆಗಳಿಗೆ ಅಡ್ಡಗಾಲು ಹಾಕಿದವನೇ.

ಇನ್ನೊಂದು ಮಾತು. 1966ರಲ್ಲಿ ರಕ್ಷಣಾ ಕಾರ್ಯದರ್ಶಿ ಮ್ಯಾಕ್‌ನಮಾರ 'ಪ್ರಾಜೆಕ್ಟ್ 1,00,000' ಅಂತ ತಂದರು. ಸೈನ್ಯದ ಪರೀಕ್ಷೆಯಲ್ಲಿ ಫೇಲಾಗುತ್ತಿದ್ದ ಹುಡುಗರನ್ನೂ ಸೇರಿಸಿಕೊಳ್ಳೋ ಯೋಜನೆ. ಇದನ್ನು ಬಡವರ ಉದ್ಧಾರ ಅಂತಲೇ ಮಾರಿದರು, ಕೌಶಲ ಕಲಿಸ್ತೀವಿ ಅಂತ. ಮೂರು ಲಕ್ಷಕ್ಕೂ ಹೆಚ್ಚು ಹುಡುಗರು ಹಾಗೆ ಸೇರಿದರು. ಅವರಲ್ಲಿ ಕಪ್ಪು ಹುಡುಗರ ಪಾಲು ದೊಡ್ಡದು. ಕಾಲೇಜಿಗೆ ಹೋಗೋ ಬಿಳಿ ಹುಡುಗರಿಗೆ ವಿನಾಯಿತಿ, ಇವರಿಗೆ ವಿಯೆಟ್ನಾಂ. ಸುಧಾರಣೆ ಮತ್ತು ಯುದ್ಧ ಹೇಗೆ ಒಂದಾದವು ಅಂತ ಕೇಳಿದಿರಲ್ಲ, ಹೀಗೆ.

ಕಲ್ಪತರು ಮೇಷ್ಟ್ರು:

ಕೆಂಪು ಶಾಯಿಯವರೇ, ಪ್ರಾಜೆಕ್ಟ್ 1,00,000 ವಿಷಯ ತಂದದ್ದು ಬಹಳ ಒಳ್ಳೇದಾಯಿತು. ಪೇಪರ್‌ನಲ್ಲಿ ಅದು ಇರಲೇಬೇಕು. ಸೆಲ್ಮಾ ಬಗ್ಗೆಯೂ ನಿಮ್ಮ ಮಾತು ಸರಿ. ಬೀದಿಯಲ್ಲಿ ಏಟು ತಿಂದವರು ಇಲ್ಲದೆ ಮಸೂದೆ ಇಲ್ಲ.

ಆದರೆ ಜಾನ್ಸನ್ ಸುಮ್ನೆ ಗಾಳಿ ಬಂದ ಕಡೆ ತೂರಿದ ಅನ್ನೋದನ್ನು ಒಪ್ಪಲ್ಲ. 1928ರಲ್ಲಿ, ಇನ್ನೂ ಇಪ್ಪತ್ತು ವಯಸ್ಸು, ಟೆಕ್ಸಾಸ್‌ನ ಕೊಟುಲಾ ಅನ್ನೋ ಊರಿನಲ್ಲಿ ಮೆಕ್ಸಿಕನ್ ಮಕ್ಕಳ ಸ್ಕೂಲಿಗೆ ಮೇಷ್ಟ್ರಾಗಿ ಹೋಗಿದ್ದ. ಮಕ್ಕಳು ಹಸಿದುಕೊಂಡೇ ಕ್ಲಾಸಿಗೆ ಬರುತ್ತಿದ್ದರು ಅಂತ ಸೆಲ್ಮಾ ಆದ ಮೇಲಿನ ಆ ಭಾಷಣದಲ್ಲೇ ಹೇಳಿದ. ಆ ಮಕ್ಕಳ ಮಕ್ಕಳಿಗೆ ಸಹಾಯ ಮಾಡೋ ಅವಕಾಶ ಈಗ ನನಗಿದೆ, ಅದನ್ನು ಬಳಸ್ತೀನಿ ಅಂತಲೂ ಹೇಳಿದ. ಮೇಷ್ಟ್ರಾಗಿದ್ದವನು ಅನ್ನೋ ಕಾರಣಕ್ಕೆ ನನಗೆ ಸ್ವಲ್ಪ ಪಕ್ಷಪಾತ ಇರಬಹುದು, ಇರಲಿ ಬಿಡಿ.

ಬಳಸಿದ ರೀತಿ ನೋಡಿ. ಮೆಡಿಕೇರ್ ಅಂದರೆ 65 ದಾಟಿದವರ ಆಸ್ಪತ್ರೆ ಖರ್ಚು ಸರ್ಕಾರ ಕೊಡೋದು, ಇದು ಎಲ್ಲರಿಗೂ ಗೊತ್ತು. ಜಾಸ್ತಿ ಜನಕ್ಕೆ ಗೊತ್ತಿಲ್ಲದ್ದು ಇನ್ನೊಂದಿದೆ. 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಆರನೇ ಭಾಗದ ಪ್ರಕಾರ ಭೇದ ಮಾಡೋ ಸಂಸ್ಥೆಗೆ ಕೇಂದ್ರದ ದುಡ್ಡಿಲ್ಲ. ಮೆಡಿಕೇರ್ ದುಡ್ಡು ಕೇಂದ್ರದ್ದು. ಅಂದರೆ ಬಿಳಿಯರಿಗೊಂದು ವಾರ್ಡು, ಕಪ್ಪು ಜನಕ್ಕೆ ನೆಲಮಾಳಿಗೆಯಲ್ಲೊಂದು ವಾರ್ಡು ಅಂತ ಇಟ್ಟುಕೊಂಡಿದ್ದ ಆಸ್ಪತ್ರೆ ಒಂದೋ ಅದನ್ನು ಬಿಡಬೇಕು, ಇಲ್ಲ ದುಡ್ಡು ಬಿಡಬೇಕು. 1966ರ ಜುಲೈ 1ಕ್ಕೆ ಯೋಜನೆ ಶುರು. ಅದಕ್ಕೂ ಮುಂಚಿನ ಕೆಲವೇ ತಿಂಗಳಲ್ಲಿ ಸರ್ಕಾರದವರು ಆಸ್ಪತ್ರೆ ಆಸ್ಪತ್ರೆಗೆ ಹೋಗಿ ವಾರ್ಡು, ಹಾಸಿಗೆ, ಕ್ಯಾಂಟೀನು ನೋಡಿದರು. ಸಾವಿರಾರು ಆಸ್ಪತ್ರೆಗಳು ಬಾಗಿಲು ತೆರೆದವು. ಸ್ಕೂಲುಗಳಲ್ಲಿ ಜನಾಂಗ ಭೇದ ಕೂಡದು ಅನ್ನೋ ಸುಪ್ರೀಂ ಕೋರ್ಟಿನ 1954ರ ತೀರ್ಪು ಬಂದು ಹತ್ತು ವರ್ಷವಾದರೂ ಆಗದ ಕೆಲಸ ಆಸ್ಪತ್ರೆಗಳಲ್ಲಿ ತಿಂಗಳುಗಳಲ್ಲಿ ಆಯಿತು. ಇಂಥದ್ದಕ್ಕೆ ಭಾಷಣ ಬೇಡ, ಲೆಕ್ಕಪತ್ರ ಗೊತ್ತಿರೋ ಕಿಲಾಡಿ ಬೇಕು.

ಹಿರಿಯೂರಿನವಳು:

ಯಾರೂ ಗೋಧಿ ಬಗ್ಗೆ ಹೇಳಲೇ ಇಲ್ಲವಲ್ಲ! 1965–66ರಲ್ಲಿ ಮಳೆ ಕೈಕೊಟ್ಟಾಗ ನಮ್ಮ ದೇಶ ಅಮೆರಿಕದ ಪಿಎಲ್ 480 (ಬೇರೆ ದೇಶಗಳಿಗೆ ಆಹಾರ ನೆರವು ಕೊಡೋ ಕಾನೂನು) ಗೋಧಿ ನಂಬಿಕೊಂಡಿತ್ತು. 1966ರಲ್ಲಿ ಅಮೆರಿಕದ ಗೋಧಿ ಬೆಳೆಯಲ್ಲಿ ಸುಮಾರು ಐದನೇ ಒಂದು ಪಾಲು ಭಾರತಕ್ಕೆ ಬಂತು ಅಂತಾರೆ. ಮುಂಚೆ ವರ್ಷಗಟ್ಟಲೆಗೆ ಒಪ್ಪಂದ ಆಗುತ್ತಿತ್ತು. ಜಾನ್ಸನ್ ಅದನ್ನು ನಿಲ್ಲಿಸಿ ಸ್ವಲ್ಪ ಸ್ವಲ್ಪವೇ ಬಿಡೋಕೆ ಶುರು ಮಾಡಿದ. ಹಡಗು ಹೊರಡೋಕೆ ಆತನೇ ಹೂಂ ಅನ್ನಬೇಕು. ಕೃಷಿ ಸುಧಾರಣೆ ಮಾಡಿ ಅನ್ನೋದು ಒಂದು ಷರತ್ತು. ನಮ್ಮ ಆಹಾರ ಮತ್ತು ಕೃಷಿ ಸಚಿವ ಸಿ. ಸುಬ್ರಮಣ್ಯಂ 1965ರ ನವೆಂಬರ್‌ನಲ್ಲಿ ರೋಮ್‌ಗೆ ಹೋಗಿ ಅಮೆರಿಕದ ಕೃಷಿ ಕಾರ್ಯದರ್ಶಿ ಫ್ರೀಮನ್ ಜೊತೆ ಕೂತು ಒಪ್ಪಿಕೊಂಡು ಬಂದರು. ಇನ್ನೊಂದು ಬಾಯಿಬಿಟ್ಟು ಹೇಳದ ಷರತ್ತು: ವಿಯೆಟ್ನಾಂ ಬಗ್ಗೆ ಬಾಯಿ ಮುಚ್ಚಿಕೊಂಡಿರಿ. 1966ರ ಜುಲೈನಲ್ಲಿ ಇಂದಿರಾ ಗಾಂಧಿಯವರು ಮಾಸ್ಕೋದಲ್ಲಿ ಬಾಂಬ್ ದಾಳಿ ನಿಲ್ಲಿಸಿ ಅನ್ನೋ ಹೇಳಿಕೆಗೆ ಸಹಿ ಹಾಕಿದರು. ಜಾನ್ಸನ್‌ಗೆ ಮೈಯೆಲ್ಲ ಉರಿದುಹೋಯಿತು. ಆ ವರ್ಷ ಬಿಹಾರದಲ್ಲಿ ಬರ.

ನಮ್ಮಮ್ಮ ಈಗಲೂ ಹೇಳ್ತಾರೆ. ರೇಷನ್ ಅಂಗಡಿ ಮುಂದೆ ಚೀಲ ಹಿಡಿದು ನಿಲ್ಲೋದು, ಗೋಧಿ ಬಂದಿಲ್ಲ ಅಂತ ವಾಪಸ್ ಬರೋದು. ರಾಗಿ ಉಣ್ಣೋರಿಗೆ ಗೋಧಿಯನ್ನು ಏನು ಮಾಡಬೇಕು ಅಂತಲೂ ಗೊತ್ತಿರಲಿಲ್ಲವಂತೆ. ಮುದ್ದೆ ಮಾಡಿ ನೋಡಿದರಂತೆ, ಅಂಟು ಅಂಟಾಗಿ ಕೈಗೇ ಹತ್ತಿಕೊಂಡಿತಂತೆ! ತನ್ನ ದೇಶದಲ್ಲಿ ಹಸಿದ ಮಕ್ಕಳನ್ನು ನೆನೆದು ಕಣ್ಣೀರು ಹಾಕೋ ಮನುಷ್ಯ ಇಲ್ಲಿ ಹಡಗು ತಡೆದು ಕೂತಿದ್ದ. ಮೇಷ್ಟ್ರು ಇದಕ್ಕೇನಂತಾರೆ?

ಕಲ್ಪತರು ಮೇಷ್ಟ್ರು:

ಏನನ್ನಲಿ ತಾಯಿ. ಸ್ಕೂಲಿನಲ್ಲಿ ಕೇರ್ ಸಂಸ್ಥೆಯ ಹಳದಿ ಉಪ್ಪಿಟ್ಟು, ಹಾಲಿನಪುಡಿ ತಿಂದು ಬೆಳೆದವರೇ ನಾವು. ಆ ಉಪ್ಪಿಟ್ಟಿನ ವಾಸನೆಗೇ ಕಡೇ ಪೀರಿಯಡ್ಡಿನಲ್ಲಿ ಪಾಠ ತಲೆಗೆ ಹತ್ತುತ್ತಿರಲಿಲ್ಲ. ಅದೂ ಪಿಎಲ್ 480ರ ಸರಕೇ. ಹಡಗು ತಡೆದದ್ದನ್ನು ಸಮರ್ಥಿಸೋಕೆ ನನ್ನಿಂದ ಆಗಲ್ಲ. ಆ ಒತ್ತಡದಿಂದಲೇ ದೆಹಲಿ ಹೊಸ ಬೀಜ, ಗೊಬ್ಬರಕ್ಕೆ ದುಡ್ಡು ಸುರಿಯಿತು ಅಂತ ಕೆಲವರು ಹೇಳ್ತಾರೆ. ಸುಬ್ರಮಣ್ಯಂ ಅದಕ್ಕೂ ಮುಂಚೆಯೇ ಆ ದಾರಿ ಹಿಡಿದಿದ್ದರು. 1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಬಿತ್ತನೆ ಗೋಧಿ ತರಿಸಿದ್ದೂ ಅವರ ಹಟವೇ. ಆ ಕೀರ್ತಿಯನ್ನು ಜಾನ್ಸನ್ ಖಾತೆಗೆ ಹಾಕಬೇಡಿ.

ಜರ್ಸಿ ಹುಡ್ಗ:

ನ್ಯೂಜರ್ಸಿಯಿಂದ. ನಾನು ಇಲ್ಲಿರೋದೇ ಜಾನ್ಸನ್ ಸಹಿಯಿಂದ, ಹಾಗಾಗಿ ಎರಡು ಮಾತು.

1965ರ ಅಕ್ಟೋಬರ್ 3ರಂದು ಲಿಬರ್ಟಿ ಐಲ್ಯಾಂಡ್‌ನಲ್ಲಿ, ಪ್ರತಿಮೆ ಕೆಳಗೆ ಕೂತು ವಲಸೆ ಕಾಯ್ದೆಗೆ ಸಹಿ ಹಾಕಿದರು. ಅದಕ್ಕೂ ಮುಂಚೆ ಭಾರತಕ್ಕೆ ಇದ್ದ ಕೋಟಾ ವರ್ಷಕ್ಕೆ 100 ಜನ. ಇಡೀ ದೇಶಕ್ಕೆ ನೂರು! ಹೊಸ ಕಾಯ್ದೆಯಲ್ಲಿ ಒಂದೊಂದು ದೇಶಕ್ಕೆ 20,000ದವರೆಗೆ. ಇದೇನೂ ಕ್ರಾಂತಿಕಾರಿ ಮಸೂದೆಯಲ್ಲ, ಲಕ್ಷಾಂತರ ಜನರ ಬದುಕನ್ನು ಮುಟ್ಟೋದೂ ಇಲ್ಲ ಅಂತ ಅವತ್ತು ಅವರೇ ಹೇಳಿದರು. ಇಲ್ಲಿನ ಎಡಿಸನ್ ಊರಿನ, ನಮ್ಮ ದೇಶದವರ ಅಂಗಡಿಗಳೇ ತುಂಬಿರೋ ಓಕ್ ಟ್ರೀ ರಸ್ತೆಗೆ ಒಂದ್ಸಲ ಕರೆದುಕೊಂಡು ಬರಬೇಕಿತ್ತು. ಅದೇ ಭಾಷಣದಲ್ಲಿ ಕ್ಯೂಬಾದಿಂದ ಓಡಿ ಬರೋರಿಗೆಲ್ಲ ಇಲ್ಲಿ ಜಾಗ ಇದೆ ಅಂತಲೂ ಸಾರಿದರು. ಒಂದೇ ಭಾಷಣದಲ್ಲಿ ಸುಧಾರಣೆನೂ ಆಯಿತು, ಕ್ಯೂಬಾದ ಕಮ್ಯುನಿಸ್ಟ್ ನಾಯಕ ಕ್ಯಾಸ್ಟ್ರೋಗೆ ಚುಚ್ಚಿದ್ದೂ ಆಯಿತು.

ನಮ್ಮ ದೊಡ್ಡಪ್ಪ ಮೈಸೂರಿನಲ್ಲಿ ಎಂಬಿಬಿಎಸ್ ಮಾಡಿ ಎಪ್ಪತ್ತರ ದಶಕದ ಶುರುವಿನಲ್ಲಿ ಇಲ್ಲಿಗೆ ಬಂದರು. ಮೆಡಿಕೇರ್ ಬಂದ ಮೇಲೆ ಮುದುಕರೆಲ್ಲ ಆಸ್ಪತ್ರೆಗೆ ಬರತೊಡಗಿದರು, ಡಾಕ್ಟರು ಸಾಲದು. ರೆಸಿಡೆಂಟ್ ಡಾಕ್ಟರುಗಳ ಸಂಬಳಕ್ಕೂ ಮೆಡಿಕೇರ್ ದುಡ್ಡು ಕೊಡುತ್ತಿತ್ತು. ಒಂದು ಕಾಯ್ದೆ ವೀಸಾ ಕೊಟ್ಟಿತು, ಇನ್ನೊಂದು ಸಂಬಳ ಕೊಟ್ಟಿತು. ದೊಡ್ಡಪ್ಪ ಆಮೇಲೆ ನಮ್ಮಪ್ಪನಿಗೆ ಅರ್ಜಿ ಹಾಕಿದರು, ಅಣ್ಣತಮ್ಮಂದಿರ ಕೋಟಾದಲ್ಲಿ. ಆ ಕೌಟುಂಬಿಕ ಕೋಟಾಕ್ಕೆ ಒತ್ತು ಕೊಡಿಸಿದ್ದು ಒಹಾಯೋದ ಫೀಗನ್ ಅನ್ನೋ ಸಂಸದ. ಬಂಧುಗಳಿಗೆ ಆದ್ಯತೆ ಕೊಟ್ಟರೆ ಯುರೋಪಿನವರೇ ಬರುತ್ತಾರೆ ಅನ್ನೋದು ಅವರ ಲೆಕ್ಕಾಚಾರವಾಗಿತ್ತಂತೆ. ಬಂದಿದ್ದು ನಾವು!

ಸೆಮಿನಾರ್ ಸಂಕಟ:

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಸಿಗುತ್ತೆ ಅಂದುಕೊಂಡಿರಲಿಲ್ಲ. ಒಂದೇ ಒಂದು ಅನುಮಾನ ಉಳಿದಿದೆ. ವಿಯೆಟ್ನಾಂ, ಗೋಧಿ, ಕ್ಯೂಬಾ ಎಲ್ಲ ಆಯಿತು. ರಷ್ಯಾ ಜೊತೆ ನೇರವಾಗಿ ಏನು ನಡೆಯಿತು? ಬರೀ ಜಗಳವೇನಾ?

ಕಲ್ಪತರು ಮೇಷ್ಟ್ರು:

ಇಲ್ಲ ಇಲ್ಲ. ವಿಯೆಟ್ನಾಂ ನಡೆಯುತ್ತಿದ್ದಾಗಲೇ ಮಾತುಕತೆಯೂ ನಡೆಯುತ್ತಿತ್ತು. 1967ರ ಜನವರಿಯಲ್ಲಿ ಬಾಹ್ಯಾಕಾಶ ಒಪ್ಪಂದ: ಅಲ್ಲಿ ಅಣುಬಾಂಬ್ ಇಡಬಾರದು, ಚಂದ್ರ ಯಾರ ಸ್ವತ್ತೂ ಅಲ್ಲ. ಜೂನ್‌ನಲ್ಲಿ ಇಸ್ರೇಲ್–ಅರಬ್ ಯುದ್ಧ ಆದಾಗ ವಾಷಿಂಗ್ಟನ್–ಮಾಸ್ಕೋ ನಡುವಿನ ನೇರ ಸಂದೇಶದ ಹಾಟ್‌ಲೈನ್ ಮೊದಲ ಸಲ ನಿಜವಾದ ಕೆಲಸಕ್ಕೆ ಬಂತು. ಅದೇ ತಿಂಗಳು ರಷ್ಯಾದ ಪ್ರಧಾನಿ ಕೊಸಿಗಿನ್ ವಿಶ್ವಸಂಸ್ಥೆಗೆ ಬಂದಿದ್ದರು. ಜಾನ್ಸನ್ ವಾಷಿಂಗ್ಟನ್‌ಗೆ ಬಾ ಅಂತ, ಕೊಸಿಗಿನ್ ನ್ಯೂಯಾರ್ಕಿಗೆ ಬಾ ಅಂತ. ಇಬ್ಬರೂ ಬಿಡಲೊಲ್ಲರು. ಕೊನೆಗೆ ನಕ್ಷೆ ನೋಡಿ ಸುಮಾರು ನಡುವೆ ಬರೋ ಊರು ಹುಡುಕಿದರು. ಗ್ಲಾಸ್‌ಬರೋ, ಜರ್ಸಿ ಹುಡ್ಗನ ರಾಜ್ಯದಲ್ಲೇ. ಅಲ್ಲಿನ ಕಾಲೇಜು ಮುಖ್ಯಸ್ಥರ ಹಳೇ ಕಲ್ಲಿನ ಮನೆಯಲ್ಲಿ ಮಾತು. ಕ್ಷಿಪಣಿ ತಡೆಯೋ ಕ್ಷಿಪಣಿಗಳನ್ನು ಇಬ್ಬರೂ ಮಿತಿಯಲ್ಲಿಡೋಣ ಅಂತ ಮ್ಯಾಕ್‌ನಮಾರ ಹೇಳಿದರೆ, ರಕ್ಷಣೆ ಮಾಡಿಕೊಳ್ಳೋದೂ ತಪ್ಪಾ ಅಂತ ಕೊಸಿಗಿನ್ ರೇಗಿದರು. ಕಾಗದದ ಮೇಲೆ ಏನೂ ಬರಲಿಲ್ಲ. ಆದರೂ ಬೇಲಿ ಹೊರಗೆ ನಿಂತಿದ್ದ ಜನ ಚಪ್ಪಾಳೆ ತಟ್ಟಿದರು.

ವರ್ಷ ಕಳೆದ ಮೇಲೆ, 1968ರ ಜುಲೈ 1ಕ್ಕೆ, ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದಕ್ಕೆ ಸಹಿ ಆಯಿತು. ಭಾರತ ಹಾಕಲಿಲ್ಲ. ಮುಂದಿನ ಹೆಜ್ಜೆಯಾಗಿ, ಕ್ಷಿಪಣಿ ಮಿತಿಯ ಮಾತುಕತೆಗೆ ಜಾನ್ಸನ್ ರಷ್ಯಾಕ್ಕೆ ಹೋಗಬೇಕು, ಆಗಸ್ಟ್ 21ಕ್ಕೆ ಪ್ರಕಟಣೆ ಅಂತ ನಿಗದಿಯಾಗಿತ್ತು. ಹಿಂದಿನ ಸಂಜೆ ಸೋವಿಯತ್ ರಾಯಭಾರಿ ಡೊಬ್ರಿನಿನ್ ವೈಟ್‌ಹೌಸ್‌ಗೆ ಬಂದು ಒಂದು ಸಂದೇಶ ಓದಿದರು: ನಮ್ಮ ಸೈನ್ಯ ಜೆಕೊಸ್ಲೊವಾಕಿಯಾಕ್ಕೆ ನುಗ್ಗುತ್ತಿದೆ. ಪ್ರವಾಸ ಅಲ್ಲಿಗೇ ಮುಗಿಯಿತು. ಕ್ಷಿಪಣಿ ಮಿತಿಯ ಆ ಒಪ್ಪಂದ 1972ರಲ್ಲಿ ನಿಕ್ಸನ್ ಹೆಸರಿನಲ್ಲಿ ಆಯಿತು.

ಪೇಪರ್‌ನಲ್ಲಿ ಇದಕ್ಕೆ ಒಂದು ಪ್ಯಾರಾ ಸಾಕು. 1965ರ ಜುಲೈ–ಆಗಸ್ಟ್‌ಗೆ ಜಾಸ್ತಿ ಜಾಗ ಕೊಡಿ, ಆಸ್ಪತ್ರೆ ವಿಷಯ ಬಿಡಬೇಡಿ. ಬರೆದ ಮೇಲೆ ಇಲ್ಲೇ ಹಾಕಿ, ಕೆಂಪು ಶಾಯಿಯವರು ತಿದ್ದಿಕೊಡ್ತಾರೆ.